ನಲವತ್ತೊಂದು ಕಲ್ಲು, ಮೂರು ಬಿಲ್ಲೆ ಸೆಲ್ಲು

ಬಹಳ ಹಿಂದೆ, ಏಳು ಬೆಟ್ಟಗಳಾಚೆ ಹೊಗೆಸಾಲು ಎಂಬ ರಾಜ್ಯವಿತ್ತು. ಅಲ್ಲಿ ಮಾಂತ್ರಿಕರೂ ಇದ್ದರು, ಗಡಿಯಾರದ ಸೆಲ್ಲುಗಳೂ ಇದ್ದವು. ಅದು ಹೇಗೆ ಎನ್ನುವವರು ಎದ್ದು ಮನೆಗೆ ಹೋಗಬಹುದು, ಕತೆ ನಿಲ್ಲುವುದಿಲ್ಲ.

ಆ ರಾಜ್ಯದ ಮಿಂಚನ್ನೆಲ್ಲ ಕೆಂಡಾಕ್ಷನೆಂಬ ಮಾಂತ್ರಿಕ ಜಾಡಿಗಳಲ್ಲಿ ತುಂಬಿಟ್ಟುಕೊಂಡಿದ್ದ. ಎದುರು ಮಾತಾಡಿದವರನ್ನು ಕಲ್ಲು ಮಾಡಿ ತೋಟದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದ. ಒಟ್ಟು ನಲವತ್ತೊಂದು ಕಲ್ಲು. ಕೊನೆಯವಳು ಸೋಮಲೆ. ಒರತೆಯಿಂದ ನೀರು ತರಲು ಹೊರಟವಳು ದಾರಿಯಲ್ಲಿ ಅವನನ್ನು ಕಳ್ಳ ಎಂದಿದ್ದಳು, ಅಷ್ಟೇ.

ಸೋಮಲೆಯ ತಂಗಿ ದುಗ್ಗಳೆ ಗಡಿಯಾರ ರಿಪೇರಿಯವಳು. ಅಕ್ಕನನ್ನು ಬಿಟ್ಟರೆ ಅವಳಿಗೆ ಯಾರೂ ಇರಲಿಲ್ಲ. ಶಾಪ ಬಿಡಿಸುವ ಮಂತ್ರವೇನೋ ಊರಿಗೆಲ್ಲ ಗೊತ್ತಿತ್ತು. ಆದರೆ ಕಲ್ಲಿಗೆ ಕಿವಿಯಿಲ್ಲ, ಮಂತ್ರವನ್ನು ಬೆಳಕಿನ ಅಕ್ಷರದಲ್ಲಿ ತೋರಿಸಬೇಕು. ದುಗ್ಗಳೆ ಉಗುರಗಲದ ಒಂದು ಚಿಪ್‌ಗೆ ಮಂತ್ರ ಕಲಿಸಿ, ಅದಕ್ಕೆ ಪುಟ್ಟ ಪರದೆ ಜೋಡಿಸಿ, ಮೂರು ಬಿಲ್ಲೆ ಸೆಲ್ಲುಗಳನ್ನು ಸೆರಗಿಗೆ ಕಟ್ಟಿಕೊಂಡು ತೋಟಕ್ಕೆ ಹೋದಳು.

ಕೆಂಡಾಕ್ಷ ಹೊಟ್ಟೆ ಹಿಡಿದುಕೊಂಡು ನಕ್ಕ. “ಆಗಲಿ. ದಿನಕ್ಕೆ ಒಂದೇ ಕಲ್ಲು, ಸಾಲಿನ ಮೊದಲಿಂದ. ತೋಟಕ್ಕೆ ಬಿಸಿಲು ಬೀಳೋದರೊಳಗೆ ಮುಗೀಬೇಕು. ಮೂರು ಸಲ ತಪ್ಪಿದೆಯೋ, ನಲವತ್ತೆರಡನೇ ಕಲ್ಲು ನೀನೇ.” ಲೆಕ್ಕ ಇಡಲು ಗಿಳಿಮೂತಿಯ ಹುಲಿಯೊಂದನ್ನು ಗೋಡೆಯ ಮೇಲೆ ಕೂರಿಸಿದ.

ಮೊದಲನೆಯ ದಿನ ದುಗ್ಗಳೆ ಒಂದು ಸೆಲ್ಲು ಹಾಕಿದಳು. ಚಿಪ್ ಎಚ್ಚರವಾಯಿತು, ಪರದೆ ಬೆಳಗಿತು, ಎರಡಕ್ಷರ ಮೂಡುವಷ್ಟರಲ್ಲಿ ಎಲ್ಲ ಆರಿತು. ಮತ್ತೆ ಎಚ್ಚರ, ಮತ್ತೆ ಎರಡಕ್ಷರ, ಮತ್ತೆ ಕತ್ತಲೆ. ಪರದೆ ಒಂದೇ ಗುಟುಕಿಗೆ ಕೇಳಿದಷ್ಟನ್ನು ಅಷ್ಟು ಸಣ್ಣ ಬಿಲ್ಲೆ ಕೊಡಲಾರದು. ಬಿಸಿಲು ಬಿತ್ತು. “ಒಂದು!” ಎಂದಿತು ಹುಲಿ.

ಎರಡನೆಯ ದಿನ ಒಂದರ ಮೇಲೊಂದು ಸೆಲ್ಲು ಪೇರಿಸಿದಳು. ಬಲ ಇಮ್ಮಡಿಯಾಯಿತು, ಚಿಪ್ ಕಾವಲಿಯ ಹಾಗೆ ಕಾಯಿತು. ಬೆರಳು ಸುಟ್ಟುಕೊಂಡು ಅವಳು ಸೆಲ್ಲು ಕಿತ್ತದ್ದರಿಂದ ಚಿಪ್ ಉಳಿಯಿತು. “ಎರಡು!” ಎಂದಿತು ಹುಲಿ.

“ಸತ್ತ ಸೆಲ್ಲು ಎಸೆದು ಮನೆಗೆ ಹೋಗಮ್ಮ” ಎಂದ ಕೆಂಡಾಕ್ಷ.

ದುಗ್ಗಳೆ ಅಕ್ಕನ ಕಾಲ ಬಳಿ ಕೂತು ಅತ್ತಳು. ಅಕ್ಕನ ಸೊಂಟದ ಮೇಲೆ ಗಡಿಗೆಯೂ ಕಲ್ಲಾಗಿತ್ತು. ಅದನ್ನು ನೋಡಿದಾಗ ನೆನಪಾಯಿತು. ಚಿಕ್ಕವಳಿದ್ದಾಗ ಅವಳು ಒರತೆಗೆ ಗಡಿಗೆಯನ್ನೇ ಅದ್ದಿ ಬರೀ ಕೆಸರು ಎತ್ತುತ್ತಿದ್ದಳು. ಆಗ ಅಕ್ಕ ಗದರುತ್ತಿದ್ದಳು: “ತಾಳೇ! ಒರತೆ ಸತ್ತಿಲ್ಲ, ದಣಿದಿದೆ. ಕರಟದಲ್ಲಿ ಮೊಗೆದು ಮೊಗೆದು ಗಡಿಗೆ ತುಂಬಿಸು. ಆಮೇಲೆ ಎಷ್ಟು ಬೇಕೋ ಸುರಿ.”

ದುಗ್ಗಳೆ ಸೆಲ್ಲು ಎಸೆಯಲಿಲ್ಲ. ಸೆರಗಿನಲ್ಲಿ ಕಟ್ಟಿ ಸುಮ್ಮನೆ ಬಿಟ್ಟಳು. ಸಂಜೆ ಅಳೆದು ನೋಡಿದರೆ ಹೋದ ಬಲ ಮರಳಿತ್ತು. ಮೂರನ್ನೂ ಪೇರಿಸದೆ, ಭಾರ ಹಂಚಿಕೊಳ್ಳುವಂತೆ ಪಕ್ಕಪಕ್ಕ ಜೋಡಿಸಿದಳು. ಪರದೆಯ ಹತ್ತಿರ ಒಂದು ಕೆಪಾಸಿಟರ್ ಇಟ್ಟಳು. ಅದೇ ಅವಳ ಗಡಿಗೆ: ಹನಿಹನಿಯಾಗಿ ತುಂಬುತ್ತದೆ, ಒಮ್ಮೆಲೇ ಸುರಿಯುತ್ತದೆ. ಕೊನೆಗೆ ಚಿಪ್‌ಗೆ ಹೇಳಿದಳು: “ದಿನವಿಡೀ ನಿದ್ದೆ ಮಾಡು ಕಂದಾ. ಬೆಳಗ್ಗೆ ಒಂದು ಕ್ಷಣ ಎದ್ದು ಮಂತ್ರ ತೋರಿಸು, ಮತ್ತೆ ಮಲಗು.”

ಮೂರನೆಯ ದಿನ ಮಂತ್ರ ಪೂರ್ತಿ ಹೊಳೆಯಿತು. ಮೊದಲನೆಯ ಕಲ್ಲು ಆಕಳಿಸಿ ಮುದುಕನಾಗಿ, ಹಲ್ಲುಜ್ಜಲು ಬೇವಿನಕಡ್ಡಿ ಕೇಳಿತು. ಕೆಂಡಾಕ್ಷನ ಮನೆಯೊಳಗೆ ಒಂದು ಜಾಡಿ ಒಡೆದು ಮಿಂಚು ಆಕಾಶ ಸೇರಿತು. ಆಮೇಲೆ ದಿನಕ್ಕೊಂದು ಕಲ್ಲು, ದಿನಕ್ಕೊಂದು ಜಾಡಿ. ಕೆಂಡಾಕ್ಷನ ನಗು ಹಾಗೇ ಇಳಿಯುತ್ತ ಬಂತು.

ಉಳಿದದ್ದು ಅಕ್ಕ ಒಬ್ಬಳೇ. ಆ ಬೆಳಗ್ಗೆ ಹಲ್ಲು ಕಡಿಯುವ ಚಳಿ. ಪರದೆ ಮಿಣುಕಿತು, ಅರ್ಧ ಮಂತ್ರಕ್ಕೇ ಮಂಕಾಯಿತು. ಹುಲಿ ಕೊಕ್ಕು ತೆರೆಯಿತು.

“ತಾಳು! ಬಿಸಿಲು ಇನ್ನೂ ಬಿದ್ದಿಲ್ಲ” ಎಂದಳು ದುಗ್ಗಳೆ. ಸೆಲ್ಲುಗಳನ್ನು ಕಿತ್ತು ಕಂಕುಳಲ್ಲಿ ಒತ್ತಿ ಹಿಡಿದಳು. ಬಿಸಿಲು ಗೋಡೆಯಿಂದ ಇಳಿಯುತ್ತ ಬಂತು. ಅವಳು ಕದಲಲಿಲ್ಲ. ತೋಟಕ್ಕೆ ಇನ್ನು ಒಂದು ಗೇಣು ಎನ್ನುವಾಗ ಬೆಚ್ಚಗಾದ ಸೆಲ್ಲುಗಳನ್ನು ಹಾಕಿದಳು. ಕೊನೆಯಕ್ಷರದವರೆಗೂ ಮಂತ್ರ ಹೊಳೆಯಿತು.

ಕೊನೆಯ ಜಾಡಿ ಒಡೆಯಿತು. ಹುಲಿ ಬರೀ ಗಿಳಿಯಾಗಿ ಹಾರಿಹೋಯಿತು. ಜಾಡಿಗಳೊಂದಿಗೆ ಬಲವೂ ಹೋಗಿ ಮಂತ್ರ ಮರೆತ ಕೆಂಡಾಕ್ಷನ ಕೈಗೆ ಊರವರು ಕರಟ ಕೊಟ್ಟು ಒರತೆಗೆ ಅಟ್ಟಿದರು. ಮುಂದೆ ಊರಿಗೆಲ್ಲ ನೀರು ತುಂಬಿಸಿದ್ದು ಅವನೇ.

ಸೋಮಲೆ ಕಣ್ಣುಜ್ಜಿಕೊಂಡು, “ನೀರು ತರಬೇಕಿತ್ತಲ್ಲೇ, ತುಂಬಾ ತಡವಾಯಿತಾ?” ಎಂದಳು.

“ಇಲ್ಲಕ್ಕ” ಎಂದು ದುಗ್ಗಳೆ ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

ಹೊಗೆಸಾಲಿನವರೆಲ್ಲ ನಗುನಗುತ್ತ ಬಾಳಿದರು. ಚಿಪ್ ಮಾತ್ರ ಮತ್ತೆ ಮಲಗಿತು. ಈ ಸಲ ಅದನ್ನು ಯಾರೂ ಎಬ್ಬಿಸಲಿಲ್ಲ.