ಭೀಮನಬೀಡು ಕೋಳಿ ಶೆಡ್ಡಿನ ಫ್ಯಾನುಗಳು

೨೦೦೬ರ ಏಪ್ರಿಲ್ ೨೪, ಮಧ್ಯಾಹ್ನ ಮೂರೂವರೆ. ಭೀಮನಬೀಡಿನ ಲಿಂಗಯ್ಯ ಎರಡು ಸತ್ತ ಕೋಳಿ ಹಿಡಿದು ಗುಂಡ್ಲುಪೇಟೆ ಠಾಣೆಯ ಮೆಟ್ಟಿಲು ಹತ್ತಿದ. ಪೇದೆ ಪುಟ್ಟಮಾದು ಬಾಗಿಲಲ್ಲೇ ತಡೆದ.

“ಅಲ್ಲೇ ಮಡಗಿ ಲಿಂಗಣ್ಣ, ಒಳಿಕ್ಕೆ ತರಬ್ಯಾಡಿ.”

“ಶೆಡ್ಡಲ್ಲಿದ್ದವೆಲ್ಲ ಓದ್ವು ಕಣಪ್ಪ. ಮೇವು ತರಕ್ಕೆ ಚಾಮರಾಜನಗರಕ್ಕೆ ಓಗಿದ್ದೆ. ಬರೋವೊತ್ಗೆ ಒಂದೂ ಉಳ್ದಿಲ್ಲ. ಯಾರೋ ಮಾಡ್ಬುಟ್ಟವ್ರೆ.”

ಸಬ್ ಇನ್‌ಸ್ಪೆಕ್ಟರ್ ಗಿರೀಶ್ ದೂರು ಬರೆಸಿಕೊಂಡು ಎಫ್‌ಐಆರ್ ದಾಖಲಿಸಿದ. ಮುಖ ಗಟ್ಟಿಯಾಗಿತ್ತು, ಒಳಗೆ ಜೀವ ಪುಕಪುಕ ಎನ್ನುತ್ತಿತ್ತು. ಮಹಾರಾಷ್ಟ್ರದ ಹಕ್ಕಿಜ್ವರವನ್ನು ಟಿವಿಯವರು ಎರಡು ತಿಂಗಳಿಂದ ತೋರಿಸಿದ್ದೇ ತೋರಿಸಿದ್ದು. ಸಾಲದ್ದಕ್ಕೆ ಹಿಂದಿನ ದಿನವಷ್ಟೇ ಈ ಸಾಹೇಬರೇ ಕೋಳಿಸಾರನ್ನು ಎರಡು ಸಲ ಬಡಿಸಿಕೊಂಡಿದ್ದರು.

ಪಂಚನಾಮೆಗೆ ಬಂದ ಪಂಚರಿಬ್ಬರೂ ಶೆಡ್ಡಿನೊಳಗೆ ಕಾಲಿಡಲೊಪ್ಪದೆ, ಮೂಗಿಗೆ ಟವಲು ಕಟ್ಟಿಕೊಂಡು ಬಾಗಿಲಿಂದಲೇ ನೋಡಿ ರುಜು ಹಾಕಿದರು. ಗಿರೀಶ್ ಒಳಗೆ ಹೋಗಲೇಬೇಕಿತ್ತು. ಬಿಳಿ ಕೋಳಿಗಳು ಕೊಕ್ಕು ತೆರೆದುಕೊಂಡು ಒಂದರ ಮೇಲೊಂದು ಬಿದ್ದಿದ್ದವು. ಸತ್ತವುಗಳ ನಡುವೆ ಹೆಜ್ಜೆಯಿಡುವಾಗ ಅವನಿಗೆ ಉಸಿರೆಳೆಯಲೂ ಭಯವಾಯಿತು.

“ಇದೇನು?” ಎಂದು ಲಿಂಗಯ್ಯನಿಗೆ ಎದುರು ಗೋಡೆ ತೋರಿಸಿದ.

“ತಂಪಿನ ಪ್ಯಾಡು ಸಾ. ಮೇಲಿಂದ ನೀರು ಇಳೀತದೆ. ಆ ತುದಿ ಫ್ಯಾನು ಇದರೊಳಗಿಂದ ಗಾಳಿ ಎಳ್ದು ಆಚೆಗೆ ತಳ್ತವೆ. ಪಕ್ಕದ ಪರದೆ ಎಲ್ಲ ಬಿಗಿಯಾಗಿರ್ತವೆ.”

ಗಿರೀಶ್ ಪ್ಯಾಡು ಮುಟ್ಟಿದ. ಒಣಗಿ ಗರಿಗರಿಯಾಗಿತ್ತು.

ಮರುದಿನ ಬೆಳಿಗ್ಗೆ ಚಾಮರಾಜನಗರದಿಂದ ಬಂದ ಪಶುವೈದ್ಯರು ನಾಲ್ಕಾರು ಕೋಳಿ ಕೊಯ್ದು ನೋಡಿದರು. “ಜ್ವರ ಅಲ್ಲ. ಮುಚ್ಚಿದ ಶೆಡ್ಡು, ಫ್ಯಾನು ನಿಂತಿದೆ. ಸೆಕೆಗೆ ಬೆಂದು ಸತ್ತಿವೆ.”

ಊರು ನಿಟ್ಟುಸಿರು ಬಿಟ್ಟಿತು. ಗಿರೀಶನಿಗೆ ಮಾತ್ರ ಹೆದರಿಕೆ ಇನ್ನೊಂದು ಸುತ್ತು ಹೆಚ್ಚಿತು. ರೋಗವಲ್ಲ ಎಂದಮೇಲೆ ಇದು ಮನುಷ್ಯರ ಕೆಲಸ. ಅಷ್ಟು ಜೀವಗಳು ಒದ್ದಾಡುವುದನ್ನು ಕೇಳಿಸಿಕೊಂಡು ಸುಮ್ಮನಿದ್ದವರು ಈ ಊರಲ್ಲೇ ಉಂಡು ಮಲಗಿದ್ದರು.

ಹಿಂದಿನ ದಿನ ಕರೆಂಟು ಹೋಗಿರಲಿಲ್ಲ ಎಂದು ಲೈನ್‌ಮನ್ ಹೇಳಿಕೆ ಕೊಟ್ಟ. ಮೇನ್ ಸ್ವಿಚ್ಚು ಶೆಡ್ಡಿನ ಹಿಂಬದಿ, ಫ್ಯಾನುಗಳ ಪಕ್ಕದಲ್ಲಿತ್ತು. ಅದರ ಹಿಡಿಯನ್ನು ಪುಟ್ಟಮಾದು ಬಗ್ಗಿ ಮೂಸಿದ.

“ಅರಿಸಿನ, ಅರಳೆಣ್ಣೆ ಸಾ. ಬಾಣಂತಿಗೆ ನೀರು ಉಯ್ಯೋ ಕೈ.”

ಫ್ಯಾನುಗಳ ನೇರಕ್ಕೆ ಇದ್ದದ್ದು ಒಂದೇ ಮನೆ. ಕಿಟಕಿಗೆ ಗೋಣಿಚೀಲ ತುರುಕಿತ್ತು, ಬಾಗಿಲಿಗೆ ಕಂಬಳಿ ಕಟ್ಟಿತ್ತು. ಲಿಂಗಯ್ಯ ತಲೆ ತಗ್ಗಿಸಿದ.

“ದೊಡ್ಡಮಾದಮ್ಮನ ಮನೆ ಸಾ. ಮಗಳು ಶಾಂತಿ ಎತ್ತವ್ಳೆ. ಬಾಣಂತಿಗೆ ತಣ್ಣನೆ ಗಾಳಿ ಬಡೀತದೆ, ನೀರು ಉಯ್ಯೋವಾಗ ನಿಲ್ಸಪ್ಪ ಅಂತ ಕೇಳ್ಕಂಡ್ರು. ಬೆಳಿಗ್ಗೆ ತಂಪೊತ್ತು, ಕೋಳಿಗೇನೂ ಆಗಕಿಲ್ಲ ಅಂತ ಸ್ವಿಚ್ಚು ನಾನೇ ತೋರ್ಸಿದ್ದೆ.”

ದೊಡ್ಡಮಾದಮ್ಮ ಕಂಬಳಿ ಸರಿಸಿ ಹೊರಬಂದು, ಬೆನ್ನ ಹಿಂದೆ ಮತ್ತೆ ಎಳೆದುಕೊಂಡಳು. ಪೊಲೀಸರನ್ನು ಕಂಡು ಅವಳ ತುಟಿ ಅದುರುತ್ತಿತ್ತು.

“ನಿನ್ನೆ ಫ್ಯಾನು ಆರಿಸಿದ್ದು ನೀವಾ ಅಮ್ಮ?”

“ಊಂ ಸಾ.”

“ಎಷ್ಟು ಹೊತ್ತಿಗೆ?”

“ಉರಿಬಿಸ್ಲು. ಕೂಸು ನಿದ್ದೆ ಮಾಡ್ಬುಡ್ತು, ನೀರು ಉಯ್ಯೋದು ತಡ ಆಯ್ತು.”

“ಆಮೇಲೆ ಯಾಕೆ ಹಾಕಲಿಲ್ಲ?”

“ಶಾಂತಿಗೆ ನಡುಕ ಬಂತು. ಇವ್ಳ ಅಕ್ಕಂಗೂ ಇಂಗೇ ನಡುಕ ಬಂದು, ಎತ್ತ ಒಂಬತ್ತನೇ ದಿನ ನನ್ನ ತೊಡೆ ಮೇಲೇ ಜೀವ ಬುಟ್ಲು.”

“ಕೋಳಿ ಅರಚೋದು ಕೇಳಿಸಲಿಲ್ವಾ?”

“ಕೇಳಿಸ್ತು ಸಾ. ಕಿವಿ ಮುಚ್ಕಂಡು ಕೂತಿದ್ದೆ. ಆಮ್ಯಾಕೆ ಅರಚೋದು ನಿಂತೋಯ್ತು.”

ದೊಡ್ಡ ಮಗಳು ಸತ್ತದ್ದು ಹೆರಿಗೆಯ ನಂಜಿನಿಂದ, ಗಾಳಿಯಿಂದಲ್ಲ ಎಂದು ಆಸ್ಪತ್ರೆಯವರು ಆಗಲೇ ಹೇಳಿದ್ದರಂತೆ. ಪುಟ್ಟಮಾದು ಅದನ್ನು ಸಾಹೇಬನ ಕಿವಿಯಲ್ಲಿ ಹೇಳಿದ. ಗಿರೀಶ್ ಅದನ್ನು ಅವಳಿಗೆ ಹೇಳಹೋಗಲಿಲ್ಲ. ಕಂಬಳಿಯಾಚೆ ಮಗು ಅಳುತ್ತಿತ್ತು. ಶಾಂತಿಯನ್ನು ನಮ್ಮ ಜೀಪಿನಲ್ಲೇ ಆಸ್ಪತ್ರೆಗೆ ತೋರಿಸೋಣ ಎಂದು ಗಟ್ಟಿಯಾಗಿ ಹೇಳಿದ.

ಹನ್ನೊಂದೂವರೆಗೆ, ಮಹಿಳಾ ಪೇದೆಯ ಸಮಕ್ಷಮ, ದೊಡ್ಡಮಾದಮ್ಮನ ದಸ್ತಗಿರಿಯಾಯಿತು. ಜೀಪಿನ ಕಂಬಿ ಹಿಡಿದು ಅವಳು ನಿಂತಳು.

“ಮತ್ತೆ ಫ್ಯಾನು ಯಾವಾಗ ಆಕ್ತರೆ ಸಾ?”

“ಹೊಸ ಮರಿ ಬಿಟ್ಟ ಮೇಲೆ. ಎರಡು ಮೂರು ತಿಂಗಳಾಗುತ್ತೆ.”

ದೊಡ್ಡಮಾದಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. ತುಟಿಯ ನಡುಕ ನಿಂತಿತು.

“ಅಷ್ಟೊತ್ಗೆ ಬಾಣಂತನ ಮುಗ್ದಿರ್ತದೆ, ಬುಡಿ” ಎಂದು ಯಾರ ಕೈಯನ್ನೂ ಹಿಡಿಯದೆ ಜೀಪು ಹತ್ತಿದಳು.