ಕೊನೆಯ ಟೆಲಿಫೋನ್ ತಂತಿ

ಪೆನ್ಸಿಲ್ವೇನಿಯಾದ ಗೆಳೆಯ ವರ್ನನ್ ತೀರಿಕೊಂಡಾಗ, ಅವನು ನೆಲಮಾಳಿಗೆಯಲ್ಲಿ ಕಟ್ಟುತ್ತಿದ್ದ ಪುಟಾಣಿ ರೈಲಿನ ಮಾದರಿ ಊರಿಗೆ ತಂತಿ ಎಳೆಯುವುದಷ್ಟೇ ಬಾಕಿಯಿತ್ತು. ಅದನ್ನು ನಾನು ಮುಗಿಸಲು ಹೋದೆ. ಕಡ್ಡಿಯಂಥ ಕಂಬಗಳಿಗೆ ತಂತಿಯ ಬದಲು ಬರೀ ದಾರ: ಮೇಲಿನದು ಕರೆಂಟಿನದು, ಕೆಳಗಿನದು ಟೆಲಿಫೋನಿನದು. ಕೊನೆಯ ಟೆಲಿಫೋನ್ ದಾರಕ್ಕೆ ಅಂಟು ಹಚ್ಚಿ, ಅವನದೇ ಮನೆಯ ಪುಟ್ಟ ಮಾದರಿಗೆ ಒತ್ತಿ ಹಿಡಿದೆ. ಮೂವತ್ತು ಎಣಿಸುವವರೆಗೆ ಬಿಡಬಾರದೆಂದು ವರ್ನನ್ ಯಾವಾಗಲೂ ಗದರುತ್ತಿದ್ದ.

ಐದು ಎಣಿಸುವಷ್ಟರಲ್ಲಿ ದಾರ ಬೆಚ್ಚಗಾಯಿತು. ಎಂಟಕ್ಕೆ, ಮೇಲಿನ ಮನೆಯಲ್ಲಿ ಎಂದೋ ಸಂಪರ್ಕ ತೆಗೆಸಿದ್ದ ಫೋನು ರಿಂಗಾಯಿತು. ಅವನ ಹೆಂಡತಿ ಹೇಝಲ್ "ಹಲೋ" ಅಂದಳು. ಇಪ್ಪತ್ತಕ್ಕೆ ದಾರ ನಾಡಿಯಂತೆ ಮಿಡಿಯಿತು. ಹೆದರಿ ಕೈಬಿಟ್ಟೆ. ದಾರ ಕಳಚಿಕೊಂಡಿತು.

ಹೇಝಲ್ ಮೆಟ್ಟಿಲಿಳಿದು ಬಂದಳು.

"ಮೂವತ್ತಾಗೋವರೆಗೂ ಬಿಡಬೇಡ ಅಂತ ಆ ಆತುರಗೇಡಿಗೆ ಹೇಳು ಅಂದ ಕಣೋ," ಅಂದಳು. "ಆಮೇಲೆ ನನ್ನ ಹೆಸರು ಹಿಡಿದು ಕರೆದ. ಅಷ್ಟರಲ್ಲಿ ಲೈನು ಕಟ್ಟಾಯ್ತು."