ಕೇಳದೆ ತಂದ ಕಿವಿಗಳು

ಅಜ್ಜಿ ಒಂದು ಹುಳವನ್ನು ಅಂಗೈ ಮೇಲಿಟ್ಟುಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಕನ್ನಡಕ ಮೇಲೆ ಸರಿಸಿ ನೋಡಿದರು, ಕೆಳಗೆ ಸರಿಸಿ ನೋಡಿದರು.

"ಶಿವಕುಮಾರಾ, ಬಾ ಇಲ್ಲಿ! ಉಳ ಅಣ್ಣಾಗವೆ ಕಣಪ್ಪ."

"ನಾಳಿಕ್ಕಲ್ವಾ ಆಗ್ಬೇಕಾಗಿದ್ದು?" ಅಂಗಳದಿಂದ ಅಪ್ಪ ಕೂಗಿದರು.

"ಅವೇನು ಕ್ಯಾಲೆಂಡ್ರು ನೋಡ್ಕಂಡ್ ಅಣ್ಣಾಯ್ತವಾ? ಬಿಸ್ಲು ಜಾಸ್ತಿ ಆಯ್ತು, ಒಂದಿನ ಮುಂಚೇನೆ ಆಗೋಗವೆ."

ಹಲ್ಲುಜ್ಜುತ್ತಿದ್ದ ಕೋಮಲಳ ಬ್ರಶ್ ಬಾಯಲ್ಲೇ ನಿಂತುಬಿಟ್ಟಿತು.

ಮಾಂಬಳ್ಳಿಯ ಆ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ತಿಂಗಳಿಡೀ ಬಿದಿರು ತಟ್ಟೆಗಳಲ್ಲಿ ಸೊಪ್ಪು ಮೇಯುವ ಹುಳ, ಹಣ್ಣಾದ ದಿನ ಸೊಪ್ಪಿನ ಕಡೆ ತಿರುಗಿಯೂ ನೋಡುವುದಿಲ್ಲ. ಮೈ ಹೊಳೆಯುತ್ತದೆ. ತಲೆ ಎತ್ತಿಕೊಂಡು ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಮನೆಮಂದಿಯೆಲ್ಲ ಕೂತು ಒಂದೊಂದೇ ಹುಳ ಆರಿಸಿ ಚಂದ್ರಂಕಿಗೆ ಬಿಡಬೇಕು. ಚಂದ್ರಂಕಿ ಅಂದರೆ ಬಿದಿರಿನ ದೊಡ್ಡ ಚಾಪೆ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ಕಟ್ಟಿರುತ್ತಾರೆ, ಆ ಸಂದಿಯಲ್ಲಿ ಹುಳ ಗೂಡು ಕಟ್ಟುತ್ತದೆ. ತಡವಾದರೆ ತಟ್ಟೆಯ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ತಿಂಗಳ ದುಡಿಮೆ ಒಂದೇ ದಿನಕ್ಕೆ ನೀರುಪಾಲು.

ಆ ಮನೆಯ ಎರಡು ಚಂದ್ರಂಕಿಗಳು ಈಗ ಯಳಂದೂರಿನಲ್ಲಿದ್ದವು. ಅಲ್ಲಿ ಅವು ಆನೆಯ ಕಿವಿಗಳಾಗಿದ್ದವು.

ಯಳಂದೂರಿನ ಬೇಸಿಗೆ ಶಿಬಿರದಲ್ಲಿ ಉದಯಕುಮಾರ್ ಸರ್ ಮಕ್ಕಳಿಗೆ ನಾಟಕ ಕಲಿಸಿದ್ದರು. ಟಿಕೆಟ್ಟಿಲ್ಲ, ಸ್ಟೇಜಿಲ್ಲ. ಸಂಜೆ ಪಾರ್ಕಿನ ಹುಲ್ಲಿನ ಮೇಲೆ ಆಟ, ಯಾರು ಬೇಕಾದರೂ ಬಂದು ಕೂತು ನೋಡಬಹುದು. ದಾರಿ ತಪ್ಪಿ ಊರಿಗೆ ಬಂದ ಆನೆಯೊಂದು ಮನೆಮನೆ ಬಾಗಿಲಲ್ಲಿ ನಿಂತು ಕಾಡಿನ ದಾರಿ ಕೇಳುವ ಕತೆ. ಬೂದು ಬಣ್ಣದ ಬೆಡ್‌ಶೀಟುಗಳ ಒಳಗೆ ಆರು ಮಕ್ಕಳು ಸೇರಿದರೆ ಒಂದು ಆನೆ. ಕೋಮಲ ಸೊಂಡಿಲು. ಮಾತೆಲ್ಲ ಸೊಂಡಿಲಿಗೇ ಇದ್ದುದರಿಂದ ಅವಳೇ ಹೀರೋಯಿನ್.

ರಟ್ಟಿನ ಕಿವಿ ಬಾಗಿ ಬಾಗಿ ಬೀಳುತ್ತಿತ್ತು. "ಗಟ್ಟಿಯಾದ್ದು ಏನಾದ್ರೂ ಬೇಕಲ್ಲ" ಎಂದು ಸರ್ ತಲೆ ಕೆರೆದುಕೊಂಡಾಗ, "ನಮ್ಮನೇಲದೆ ಸಾ!" ಎಂದು ಕೋಮಲ ಎದ್ದು ನಿಂತಿದ್ದಳು. ದುಂಡಗಿನ ತಟ್ಟೆಗಳಾಗಿದ್ದರೆ ಇನ್ನೂ ಚೆನ್ನಾಗಿತ್ತು, ಆದರೆ ಅವುಗಳ ತುಂಬ ಹುಳ. ಚಂದ್ರಂಕಿಗಳು ಹಿತ್ತಲ ಗೋಡೆಗೆ ಸುಮ್ಮನೆ ಒರಗಿದ್ದವು. ಭಾನುವಾರ ಆಟ, ಹುಳ ಹಣ್ಣಾಗುವುದು ಸೋಮವಾರ. ಅಷ್ಟರಲ್ಲಿ ತಂದಿಟ್ಟರಾಯಿತು. ಕೇಳಿದರೆ ಬೇಡ ಅಂದುಬಿಟ್ಟರೆ? ಕೇಳಲೇ ಇಲ್ಲ. ಗೆಳತಿ ರಮ್ಯಳ ಅಪ್ಪನ ಗೂಡ್ಸ್ ಆಟೊದಲ್ಲಿ ಸಾಗಿಸಿಯೂ ಆಯಿತು. "ಮನೇಲಿ ಕೇಳಿದ್ದೀಯಾ?" ಎಂದು ಸರ್ ವಿಚಾರಿಸಿದಾಗ ಕೋಮಲ ತಲೆ ಆಡಿಸಿದ್ದಳು. ಹೌದು ಅಂತಲೋ ಇಲ್ಲ ಅಂತಲೋ, ಅವಳಿಗೇ ಗೊತ್ತಿರಲಿಲ್ಲ.

ಹುಳಕ್ಕೆ ಸೋಮವಾರದವರೆಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ.

"ಅವ್ವಾ, ಎಲ್ಡು ಚಂದ್ರಂಕಿ ಕಾಣಾಕಿಲ್ಲ!" ಹಿತ್ತಲಿಂದ ಅಪ್ಪನ ದನಿ ಬಂತು.

"ಸರ್ಯಾಗ್ ನೋಡ್ಲಾ."

"ನೋಡ್ದೆ ಕಣವ್ವ. ಇದು ಆ ನಿಂಗರಾಜುನ್ದೇ ಕೆಲ್ಸ. ಓದ್ ಸಲಾನೂ ಕೇಳ್ದಲೆ ತಕಂಡೋಗಿದ್ದ. ಇವತ್ ಬುಡಾಕಿಲ್ಲ ನಾನು." ಅಪ್ಪ ಚಪ್ಪಲಿ ಮೆಟ್ಟಿಕೊಂಡೇಬಿಟ್ಟರು.

ನಿಂಗರಾಜು ಪಕ್ಕದ ಮನೆಯವರು. ಕೋಮಲಳಿಗೆ ಸೈಕಲ್ ಕಲಿಸಿದವರು. ಪಾಪ, ಈ ಸಲ ಅವರು ಏನೂ ಮಾಡಿರಲಿಲ್ಲ.

ಸುಮ್ಮನಿದ್ದರೆ ಸಂಜೆ ನಾಟಕ ನಡೆಯುತ್ತದೆ. ಬಾಯಿ ಬಿಟ್ಟರೆ ಆನೆಗೆ ಕಿವಿಯೂ ಇಲ್ಲ, ಸೊಂಡಿಲೂ ಇಲ್ಲ. ಅಪ್ಪ ಗೇಟು ತೆಗೆದ ಸದ್ದು ಕೇಳಿದ್ದೇ ತಡ, ಕೋಮಲ ಬಾಯಿ ತುಂಬ ನೊರೆ ಇಟ್ಟುಕೊಂಡೇ ಓಡಿದಳು.

"ಅಪ್ಪಾಜೀ! ನಾನೇ ತಕಂಡೋದೆ. ಆನೆ ಕಿವಿಗೆ."

ಅಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ. ಬಾಯಿ ತೊಳೆದು ಬಂದು ಮತ್ತೆ ಹೇಳಿದಾಗ ಅರ್ಥವಾಯಿತು. ಅರ್ಥವಾಗದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುವಷ್ಟು ಬೈದರು.

"ಇವತ್ತು ಉಳ ಎಲ್ ಬುಡ್ಲಿ? ನಿನ್ ತಲೆ ಮ್ಯಾಲೆ ಗೂಡು ಕಟ್ಟಬೇಕಾ ಅವು? ನಿಮ್ಮವ್ವ ಬ್ಯಾರೆ ಶಾಗ್ಯಕ್ಕೆ ಮದ್ವೆಗೋಗವ್ಳೆ. ನಾಟ್ಕನೂ ಬ್ಯಾಡ ಏನೂ ಬ್ಯಾಡ. ಕೂತ್ಕಂಡು ಉಳ ಆರ್ಸು!"

"ಆಮ್ಯಾಕ್ ಬೈಯುವಂತೆ, ಮೊದ್ಲು ಆ ಮೇಷ್ಟ್ರಿಗೆ ಫೋನ್ ಮಾಡಪ್ಪ" ಎಂದರು ಅಜ್ಜಿ.

ಕೋಮಲ ಹುಳದ ಮನೆಯಲ್ಲಿ ಕೂತು ಆರಿಸತೊಡಗಿದಳು. ಮೈ ಹೊಳೆಯುವುದನ್ನು ಎತ್ತಿಕೊಳ್ಳಬೇಕು, ಇನ್ನೂ ಸೊಪ್ಪು ತಿನ್ನುವುದನ್ನು ಪಕ್ಕದ ತಟ್ಟೆಗೆ ಬಿಡಬೇಕು. ಕಣ್ಣು ತುಂಬಿ ಬಂದು ಯಾವುದು ಹೊಳೆಯುತ್ತಿದೆ ಅಂತಲೇ ತಿಳಿಯಲಿಲ್ಲ.

"ಕಣ್ಣೀರ ಉಳದ್ ಮ್ಯಾಲೆ ಬೀಳುಸ್ಬ್ಯಾಡ ಕಣಮ್ಮಿ" ಎಂದರು ಅಜ್ಜಿ. "ತ್ಯಾವ ಆದ್ರೆ ಆಗಾಕಿಲ್ಲ ಅವುಕ್ಕೆ." ಆಮೇಲೆ ತಮ್ಮ ಸೆರಗಿನಿಂದಲೇ ಅವಳ ಮುಖ ಒರೆಸಿದರು.

ಸ್ವಲ್ಪ ಹೊತ್ತಿಗೆ ಮನೆ ಮುಂದೆ ಗೂಡ್ಸ್ ಆಟೊ ಬಂದು ನಿಂತಿತು. ಹಿಂದೆ ಎರಡು ಚಂದ್ರಂಕಿ. ಅವುಗಳ ಪಕ್ಕದಲ್ಲಿ ಉದಯಕುಮಾರ್ ಸರ್. ಸರ್ ಸುತ್ತ ಆನೆಯ ನಾಲ್ಕು ಕಾಲು ಮತ್ತು ಬಾಲ. ಬಾಲ ಅಂದರೆ ರಮ್ಯ. ಆಟ ಸಂಜೆಗಾದರೂ ಅವಳು ಬೆಳಿಗ್ಗೆಯೇ ಮೇಕಪ್ ಬಳಿದುಕೊಂಡು ಕೂತಿದ್ದಳು.

"ತಪ್ಪಾಯ್ತು. ನಾನೇ ನಿಮಗೆ ಒಂದ್ ಫೋನ್ ಮಾಡಬೇಕಿತ್ತು" ಎಂದರು ಸರ್. "ಕೋಮಲಾನ ಕಳಿಸೋದು ಬಿಡೋದು ನಿಮ್ಮಿಷ್ಟ. ಈಗ ಹುಳ ಆರಿಸೋಕೆ ನಾವೂ ಕೂತ್ಕೋತೀವಿ, ಹೇಳ್ಕೊಡಿ."

ಅಪ್ಪ ಏನೋ ಅನ್ನುವಷ್ಟರಲ್ಲಿ ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. "ನಿಂತ್ಕಳ್ಳಿ ಅಲ್ಲೇ! ಪೌಡ್ರು, ಸೆಂಟು ಬಳ್ಕಂಡ್ ಉಳದ್ ಮನೆಗ್ ಬಂದೀರಾ? ವಾಸ್ನೆ ಆಗಾಕಿಲ್ಲ ಅವುಕ್ಕೆ. ಎಲ್ರೂ ಸೋಪಿಲ್ದಂಗೆ ಕೈ ಕಾಲು ಮುಖ ತೊಳ್ಕಬನ್ನಿ. ಸಾ, ನೀವೂ ಕಣ್ರಿ. ನಿಮ್ದೇ ಗಮ್ಮನ್ತಾ ಅದೆ."

ಸರ್ ಅಂಗಿ ತೆಗೆದು ನಲ್ಲಿ ಕೆಳಗೆ ತಲೆ ಕೊಟ್ಟರು. ರಮ್ಯಳ ಮೇಕಪ್ಪು ಚರಂಡಿ ಸೇರಿತು.

ಮೊದಲ ಹುಳ ಮುಟ್ಟಿದಾಗ ರಮ್ಯ ಕಿಟಾರನೆ ಕಿರುಚಿದಳು. ಎರಡನೆಯದಕ್ಕೆ ಕಣ್ಣು ಮುಚ್ಚಿಕೊಂಡಳು. ಮೂರನೆಯದನ್ನು ಅಂಗೈ ಮೇಲಿಟ್ಟುಕೊಂಡು, "ಲೇ ಕೋಮಲಾ, ತಣ್ಣಗದೆ ಕಣೇ!" ಎಂದು ನಕ್ಕಳು. ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ.

ಗಲಾಟೆ ಕೇಳಿ ನಿಂಗರಾಜು ಇಣುಕಿದರು. "ಏನಣ್ಣೋ, ಅಣ್ಣಾಗೋದ್ವಾ? ಒಂದ್ ಮಾತ್ ಕೂಗೋದಲ್ವಾ!" ಎಂದು ಪಂಚೆ ಎತ್ತಿ ಕಟ್ಟಿ ಕೂತೇಬಿಟ್ಟರು. ಅಪ್ಪ ಅವತ್ತು ಅವರಿಗೆ ಮತ್ತೆ ಮತ್ತೆ ಕಾಫಿ ಕೊಟ್ಟರು. ಬೇಡ ಬೇಡ ಅಂದರೂ ಲೋಟ ತುಂಬಿಸಿದರು. ಯಾಕೆಂದು ನಿಂಗರಾಜುವಿಗೆ ತಿಳಿಯಲಿಲ್ಲ. ಕೋಮಲ ತಲೆ ಎತ್ತದೆ ಹುಳ ಆರಿಸಿದಳು.

ಬಿಸಿಲು ಇಳಿಯುವ ಹೊತ್ತಿಗೆ ಚಂದ್ರಂಕಿಗಳೆಲ್ಲ ತುಂಬಿ, ಜಗಲಿಯ ನೆರಳಲ್ಲಿ ಗಾಳಿಯಾಡುವ ಕಡೆ ಒರಗಿ ನಿಂತವು. ಹುಳಗಳು ಆಗಲೇ ತಲೆ ಅತ್ತಿತ್ತ ಆಡಿಸುತ್ತ ನೂಲು ಬಿಡುತ್ತಿದ್ದವು. ಅಜ್ಜಿ ಉಸ್ಸೆಂದು ಗೋಡೆಗೆ ಒರಗಿ ಕಾಲು ಚಾಚಿದರು. ಒಂದೂ ಹಾಳಾಗಿರಲಿಲ್ಲ.

"ಈಗ ನಿಮ್ ಆನೆಗೆ ಕಿವಿ?" ಅಜ್ಜಿ ಕೇಳಿದರು.

"ಕಿವಿ ಇಲ್ದೇ ಆಡ್ತೀವಿ ಅಮ್ಮಾ" ಎಂದರು ಸರ್. ದನಿ ಸಣ್ಣಗಾಗಿತ್ತು.

ಹಿತ್ತಲಲ್ಲಿ ಅಪ್ಪ ಖಾಲಿ ತಟ್ಟೆಗಳ ಕಸ ಕೊಡವುತ್ತಿದ್ದರು. ದುಂಡಗಿನ, ಅಗಲವಾದ ತಟ್ಟೆಗಳು. ಈಗ ಅವುಗಳಲ್ಲಿ ಹುಳ ಇಲ್ಲ. ಕೋಮಲ ಹತ್ತಿರ ಹೋದಳು. ನಿಂತಳು. ವಾಪಸ್ ಬಂದಳು. ಮತ್ತೆ ಹೋದಳು.

"ಅಪ್ಪಾಜಿ, ಒಂದ್ ಕೇಳ್ಲಾ?"

"ಏನು?"

"ಈ ತಟ್ಟೆ ಕೊಟ್ಟೀಯಾ? ನಾನ್ ಓಗ್ದೇ ಇದ್ರೂ ಪರ್ವಾಗಿಲ್ಲ. ಅವ್ರಿಗೆ."

ಅಪ್ಪ ಪೊರಕೆಯಿಂದ ತಟ್ಟೆಯನ್ನು ಇನ್ನೂ ಎರಡು ಸಲ ಗುಡಿಸಿದರು. ಆಗಲೇ ಅದು ಚೊಕ್ಕಟವಾಗಿತ್ತು.

"ಎಲ್ಡೇ ಸಾಕಾ?" ಎಂದರು. ಆಮೇಲೆ, "ಸೊಂಡ್ಲಿಲ್ದೆ ಬರೀ ಕಿವಿ ತಕಂಡ್ ಏನ್ ಮಾಡಾರು? ಓಗು, ತಲೆ ಬಾಚ್ಕ. ನಾನೂ ಬತ್ತೀನಿ."

ಯಳಂದೂರಿನ ಪಾರ್ಕು ತುಂಬಿತ್ತು. ಪುರಿ ಪೊಟ್ಟಣ ಹಿಡಿದವರು, ಮಗು ಎತ್ತಿಕೊಂಡವರು, ಸಂತೆ ಚೀಲದ ಸಮೇತ ಬಂದವರು, ಎಲ್ಲರೂ ಹುಲ್ಲಿನ ಮೇಲೆ ಕೂತಿದ್ದರು. ಆನೆ ಒಳಗೆ ಬಂದಾಗ ಮಕ್ಕಳು ಹೋ ಎಂದು ಕೂಗಿದರು. ಮುಂಗಾಲಿನ ಹುಡುಗರು ತಟ್ಟೆ ಬೀಸಿದರೆ ಸಾಕು, ಥೇಟ್ ಆನೆ ಕಿವಿ! ಕೋಮಲ ಒಂದು ಮಾತನ್ನೂ ಮರೆಯಲಿಲ್ಲ.

ಕೊನೆಯ ಸೀನ್. ದಾರಿ ಸಿಕ್ಕ ಖುಷಿಯಲ್ಲಿ ಆನೆ ಕಿವಿಗಳನ್ನು ಪಟಪಟ ಬಡಿಯುತ್ತ ಕಾಡಿಗೆ ಓಡಬೇಕು. ಅಷ್ಟರಲ್ಲಿ ಕೋಮಲ ನೋಡಿದಳು. ಎಡಗಿವಿಯ ಅಂಚಿನ ಸಂದಿಯಲ್ಲಿ ಒಂದು ಹುಳ! ಎಲ್ಲರ ಕಣ್ಣೂ ತಪ್ಪಿಸಿ ಕೂತಿದ್ದ ಅದು ಕೂದಲೆಳೆಯಂಥ ನೂಲು ಬಿಡುತ್ತಿತ್ತು.

"ಲೇ, ಬಡೀಬ್ಯಾಡ್ರೋ, ಉಳ ಅದೆ! ಮೆಲ್ಲಗೆ, ಮೆಲ್ಲಗೆ!" ಎಂದು ಬೆಡ್‌ಶೀಟಿನೊಳಗೇ ಪಿಸುಗುಟ್ಟಿದಳು.

ಆನೆ ಓಡಲಿಲ್ಲ. ಕಿವಿಗಳನ್ನು ನಿಧಾನವಾಗಿ ಆಡಿಸುತ್ತ, ಒಂದೊಂದೇ ಹೆಜ್ಜೆ ಇಡುತ್ತ ಹೊಂಗೆ ಮರದ ಹಿಂದೆ ಹೋಯಿತು. "ಆನೆ ಇಂಗೇ ಕಣ್ಲಾ ಓಗದು, ನಾನ್ ಕಂಡಿವ್ನಿ" ಎಂದು ಯಾರೋ ತಾತ ಅಂದರು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. "ಓಡಬೇಕಿತ್ತಲ್ರೋ!" ಎಂದು ಬಂದ ಸರ್, ಹುಳ ನೋಡಿ ನಗುತ್ತ ನಿಂತರು.

ಒಂದು ತಟ್ಟೆ ಆಟೊ ಹತ್ತಿತು. ಹುಳ ಇದ್ದ ತಟ್ಟೆಯನ್ನು ಕೋಮಲ ಯಾರಿಗೂ ಕೊಡಲಿಲ್ಲ. ಬೈಕಿನಲ್ಲಿ ಅದನ್ನು ತನಗೂ ಅಪ್ಪನ ಬೆನ್ನಿಗೂ ನಡುವೆ ನಿಲ್ಲಿಸಿ ಎರಡು ಕೈಯಲ್ಲೂ ಹಿಡಿದುಕೊಂಡಳು. ತಟ್ಟೆ ಅಡ್ಡ ಇದ್ದುದರಿಂದ ಕನ್ನಡಿಯಲ್ಲಿ ಅಪ್ಪನ ಮುಖ ಕಾಣುತ್ತಿರಲಿಲ್ಲ. ಇನ್ನೂ ಕೋಪ ಇದೆಯೋ ಏನೋ.

ರಸ್ತೆಯಲ್ಲಿ ಹಂಪು ಬಂತು. ಅಪ್ಪ ಹಂಪಿಗೆಲ್ಲ ಬೈಕ್ ನಿಧಾನ ಮಾಡುವವರೇ ಅಲ್ಲ. ಕೋಮಲ ತಟ್ಟೆಯನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದಳು. ಬೈಕು ಮೆಲ್ಲಗೆ ಹತ್ತಿತು, ಮೆಲ್ಲಗೆ ಇಳಿಯಿತು.

"ಉಳ ಅದಾ?" ಅಪ್ಪ ಕೇಳಿದರು.

"ಅದೆ ಅಪ್ಪಾಜಿ. ಕಟ್ತಾ ಅದೆ."

ಮುಂದಿನ ಹಂಪಿನಲ್ಲೂ ಬೈಕು ಹಾಗೆಯೇ ಹತ್ತಿ, ಹಾಗೆಯೇ ಇಳಿಯಿತು. ಕೋಮಲ ತಟ್ಟೆಗೆ ಹಣೆ ಆನಿಸಿ ಕೂತಳು. ತಟ್ಟೆಯ ಆ ಕಡೆ ಅಪ್ಪನ ಬೆನ್ನಿತ್ತು.